ಅಮ್ಮ ಈಗಲೇ ಹಟ್ಟಿಗೆ ಹೋಗುವುದು ಬೇಡ

ಮಸ್ಕತ್,
ಶುಕ್ರವಾರ

ತೀರ್ಥರೂಪು ಅಪ್ಪನಿಗೆ ಸಾಷ್ಟಾಂಗ ನಮಸ್ಕಾರಗಳು. ನಾನು ಸೌಖ್ಯ.

ನೀರ್ಚಾಲಿನ ಭಾವ ನಿನ್ನೆ ರಾತ್ರಿ ನಿಮ್ಮ ಕಾಗದವನ್ನೂ ಹಪ್ಪಳದ ಕಟ್ಟನ್ನೂ ತಂದುಕೊಟ್ಟರು. ಹಪ್ಪಳ ಇನ್ನೂ ಬಿಚ್ಚಿಲ್ಲ, ಕಾಗದವನ್ನು ನಾಲ್ಕು ಸಲ ಓದಿದೆ. ಫೋನಿನಲ್ಲಿ ನೀವು "ಈಗ ತೊಂದರೆ ಇಲ್ಲ" ಎಂದಷ್ಟೇ ಹೇಳಿ ತಮ್ಮನ ಕೈಗೆ ಕೊಟ್ಟುಬಿಡುತ್ತೀರಿ. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ ಹತ್ತನೇ ದಿನ ಅಮ್ಮ ಹುಲ್ಲಿನ ಕಟ್ಟು ಹೊತ್ತುಕೊಂಡು ದನದ ಹಟ್ಟಿಗೆ ಹೋದಳು ಎಂಬುದು ಕಾಗದ ಬಂದ ಮೇಲೆಯೇ ನನಗೆ ಗೊತ್ತಾದದ್ದು.

ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ದ ರಾತ್ರಿ "ಹನ್ನೊಂದು ಸಲ ಮಾಡಿದರೂ ಫೋನ್ ತೆಗೆಯಲಿಲ್ಲ, ಅಂಥ ಕೆಲಸ ಏನಪ್ಪ ನಿನ್ನದು" ಎಂದು ಕೇಳಿದ್ದೀರಿ. ಕೇಳಬೇಕಾದ ಮಾತೇ. ಹೇಳುತ್ತೇನೆ.

ನಾನು ನೋಡಿಕೊಳ್ಳುವುದು ಎತರ್ನೆಟ್ ರಿಂಗ್, ಎಂದರೆ ಸಂದೇಶ ಸಾಗಿಸುವ ಉಂಗುರದಂಥ ಜಾಲ. ಸಂದೇಶವನ್ನು ದಾರಿಗೆ ಹಚ್ಚುವ ಸ್ವಿಚ್ ಪೆಟ್ಟಿಗೆಗಳು ಎಂಟು ಕಡೆ ಇವೆ. ಒಂದರಿಂದ ಇನ್ನೊಂದಕ್ಕೆ ಫೈಬರ್, ಅಂದರೆ ಗಾಜಿನ ಎಳೆಯ ಕೇಬಲ್, ಎಳೆದು, ಕೊನೆಯದನ್ನು ತಿರುಗಿ ಮೊದಲನೆಯದಕ್ಕೇ ಸೇರಿಸಿದ್ದೇವೆ. ಹಾಗೆಂದು ಸುತ್ತು ಪೂರ್ತಿ ತೆರೆದಿರುವ ಹಾಗಿಲ್ಲ. ಎತರ್ನೆಟ್ಟಿನಲ್ಲಿ ಹೋಗುವ ಸಂದೇಶಕ್ಕೆ ಇಷ್ಟು ದೂರ ಹೋಗಿ ಸಾಯಬೇಕು ಎಂಬ ಆಯುಸ್ಸಿಲ್ಲ. ಎಲ್ಲರಿಗೂ ಎಂದು ಬಿಟ್ಟ ಒಂದು ಸಂದೇಶ ನಿಲ್ಲದೆ ಸುತ್ತುತ್ತಲೇ ಇರುತ್ತದೆ, ಅದರ ಹಿಂದೆ ಇನ್ನೊಂದು, ಮತ್ತೊಂದು. ಗಳಿಗೆಯಲ್ಲಿ ಇಡೀ ಜಾಲ ಉಸಿರುಕಟ್ಟುತ್ತದೆ. ಅದಕ್ಕೆ ಒಂದು ಕೊಂಡಿಯನ್ನು ಬೇಕೆಂದೇ ಮುಚ್ಚಿಟ್ಟಿರುತ್ತೇವೆ, ನಮ್ಮ ತೋಟದ ಕಣಿಯ ನೀರಿಗೆ ಹಲಗೆ ಅಡ್ಡ ಇಟ್ಟ ಹಾಗೆ. ಆ ಹಲಗೆಗೆ ಒಂದು ಪೆಟ್ಟಿಗೆ ಕಾವಲು.

ಆ ರಾತ್ರಿ ಒಂಬತ್ತಕ್ಕೆ, ನಿಮಗೆ ಹತ್ತೂವರೆ, ರಸ್ತೆ ಅಗೆಯುತ್ತಿದ್ದ ಯಂತ್ರ ನಮ್ಮ ಕೇಬಲ್ಲನ್ನು ಕಡಿದು ಹಾಕಿತು. ಕಡಿದ ಜಾಗದ ಆಚೆ ಈಚೆ ಇದ್ದ ಎರಡು ಪೆಟ್ಟಿಗೆಗಳು ಆ ಬದಿಯ ಬಾಗಿಲು ಮುಚ್ಚಿ "ಇಲ್ಲಿ ಹೋಯಿತು" ಎಂದು ಸುತ್ತಿಗೆಲ್ಲ ಕೂಗಿದವು. ಒಂದು ಕೂಗು ತಪ್ಪಿದರೂ ಕೇಳಲಿ ಎಂದು 3.3 ಮಿಲಿಸೆಕೆಂಡ್ ಅಂತರದಲ್ಲಿ ಮೂರು ಸಲ ಕೂಗುತ್ತವೆ, ಆಮೇಲೆ 5 ಸೆಕೆಂಡಿಗೊಮ್ಮೆ. ಕೇಳಿದ ಕೂಡಲೇ ಕಾವಲಿನ ಪೆಟ್ಟಿಗೆ ಹಲಗೆ ಎತ್ತುತ್ತದೆ. ಯಾರು ಯಾವ ದಿಕ್ಕಿನಲ್ಲಿದ್ದಾರೆ ಎಂದು ಕಲಿತಿಟ್ಟದ್ದನ್ನು ಎಲ್ಲ ಪೆಟ್ಟಿಗೆಗಳೂ ಮರೆತು ಹೊಸದಾಗಿ ಕಲಿಯುತ್ತವೆ. ಹದಿನಾರರ ಒಳಗೆ ಪೆಟ್ಟಿಗೆ, 1200 ಕಿಲೋಮೀಟರಿನ ಒಳಗೆ ಫೈಬರ್ ಇದ್ದರೆ ಇದೆಲ್ಲ 50 ಮಿಲಿಸೆಕೆಂಡಿನೊಳಗೆ ಮುಗಿಯಬೇಕು ಎಂದು ಲೆಕ್ಕ. ಕಣ್ಣು ಮಿಟುಕಿಸಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಹಿಂದಿನ ಸ್ಪ್ಯಾನಿಂಗ್ ಟ್ರೀ ಪದ್ಧತಿಯಲ್ಲಿ 30ರಿಂದ 50 ಸೆಕೆಂಡ್ ಹಿಡಿಯುತ್ತಿತ್ತು. 2008ರಲ್ಲಿ ಜಿ.8032 ಎಂಬ ನಿಯಮ ಬಂದ ಮೇಲೆ ಈ ಅನುಕೂಲವಾದದ್ದು.

ಯಾರ ಮಾತೂ ಕಡಿಯಲಿಲ್ಲ. ಹಾಗಾದರೆ ನಾನು ಓಡಿದ್ದೇಕೆ ಎಂದರೆ, ಇದ್ದ ಒಂದು ಹಲಗೆಯನ್ನು ಎತ್ತಿ ಆಗಿದೆ. ಇನ್ನೊಂದು ಕಡೆ ಕಡಿದರೆ ನಡುವಿನ ಪೆಟ್ಟಿಗೆಗಳಿಗೆ ಯಾವ ದಾರಿಯೂ ಇಲ್ಲ. ಗುಂಡಿಯ ಪಕ್ಕ ವ್ಯಾನಿನ ಹಿಂಬಾಗಿಲು ಎತ್ತಿ, ಮೊಣಕಾಲ ಮೇಲೆ ಮಣೆ ಇಟ್ಟು ಕುಳಿತೆ. ಫೈಬರ್ ತಲೆಕೂದಲಿನಷ್ಟೇ ಸಪೂರ. ಸ್ಪಿರಿಟಿನಲ್ಲಿ ಒರೆಸಿ, ತುದಿಯನ್ನು ನೇರ ಕತ್ತರಿಸಿ, ಯಂತ್ರದಲ್ಲಿ ಎದುರುಬದುರು ಇಟ್ಟರೆ ಕಿಡಿ ಹಾರಿ ಎರಡೂ ಬೆಸೆದುಕೊಳ್ಳುತ್ತವೆ. ಮರಳಿನ ಒಂದು ಕಣ ಬಿದ್ದರೂ ಮೊದಲಿನಿಂದ ಮಾಡಬೇಕು. ಹನ್ನೆರಡು ಎಳೆ. ಫೋನು ವ್ಯಾನಿನ ಮುಂದಿನ ಸೀಟಿನಲ್ಲಿತ್ತು. ನೋಡುವಾಗ ಎರಡು ಗಂಟೆ. ಅಮ್ಮ ಅಷ್ಟರಲ್ಲಿ ಮಂಗಳೂರಿನಲ್ಲಿ ಐಸಿಯುವಿನಲ್ಲಿದ್ದಳು.

ಅಪ್ಪ, ನಿಮ್ಮ ಕಾಗದದಲ್ಲಿ ನನ್ನನ್ನು ಹೆಚ್ಚು ಸುಟ್ಟದ್ದು ಬೇರೆಯೇ ಮಾತು. ಜೀಪು ಸಾರಡ್ಕದವರೆಗೆ ಹೋಗಿ, ಅಲ್ಲಿ ಮರ ಬಿದ್ದದ್ದು ನೋಡಿ ಹಿಂದೆ ಬಂದು, ಸೀತಾಂಗೋಳಿ, ಕುಂಬಳೆ, ತಲಪಾಡಿ ಎಂದು ಸುತ್ತುವಾಗ ಮುಕ್ಕಾಲು ಗಂಟೆ ಹೋಯಿತು ಎಂದು ಬರೆದಿದ್ದೀರಿ. ನಮಗೆ ಮಂಗಳೂರಿಗೆ ಎರಡು ದಾರಿ ಇದೆ. ಯಾವುದು ಹೋಯಿತು ಎಂದು ಹೊರಡುವ ಮೊದಲು ಹೇಳುವವರು ಇರಲಿಲ್ಲ, ಅಷ್ಟೇ. 2020ರಲ್ಲಿ ಕೊರೊನಾ ಬಂದು ಕೇರಳ–ಕರ್ನಾಟಕ ಗಡಿ ಮುಚ್ಚಿದಾಗ ಎರಡೂ ದಾರಿ ಇಲ್ಲದೆ ನಮ್ಮ ಕಡೆಯ ರೋಗಿಗಳು ಪಟ್ಟ ಪಾಡು ನೆನಪಿದೆಯಲ್ಲ.

ಅದಕ್ಕೆ ಹೀಗೆ ಮಾಡಿ. ಸಾರಡ್ಕ ದಾಟಿದರೆ ಅಡ್ಯನಡ್ಕದಲ್ಲಿ ಅತ್ತೆಯ ಮನೆ. ರಾತ್ರಿ ಹೊರಡುವುದಾದರೆ ಮೊದಲ ಫೋನ್ ಅತ್ತೆಗೆ, ನನಗಲ್ಲ. ದಾರಿ ಸರಿ ಇದೆ ಎಂದರೆ ವಿಟ್ಲದ ದಾರಿಯಲ್ಲಿ, ಇಲ್ಲದಿದ್ದರೆ ನೇರ ಕುಂಬಳೆಗೆ. ನನಗೆ ಎರಡು ಸಲ ಮಾಡಿ ತೆಗೆಯದಿದ್ದರೆ ನನ್ನ ಕೋಣೆಯ ಜೊತೆಗಾರನಿಗೆ ಮಾಡಿ. ಅವನ ನಂಬರನ್ನು ಕ್ಯಾಲೆಂಡರಿನ ಹಿಂದೆ ತಮ್ಮ ದೊಡ್ಡದಾಗಿ ಬರೆದಿಡಲಿ. ಜೀಪಿನ ಬ್ಯಾಟರಿ ಈ ವಾರವೇ ಬದಲಿಸಲಿ.

ಇನ್ನು ಅಮ್ಮನ ಮಾತು. ನಾವು ಬೆಸೆದು ಮುಗಿಸಿದರೂ ರಿಂಗ್ ಆ ಕೇಬಲ್ಲನ್ನು ಕೂಡಲೇ ನಂಬುವುದಿಲ್ಲ. 5 ನಿಮಿಷ ಕಾಯುತ್ತದೆ, ನಾವು ಹಾಗೆ ಇಟ್ಟಿದ್ದೇವೆ. ಆ ಹೊತ್ತಿನಲ್ಲಿ ಮತ್ತೆ ಕೆಟ್ಟರೆ ಲೆಕ್ಕ ಮೊದಲಿನಿಂದ. ನಿಂತು ತೋರಿಸಿದ ಮೇಲೆಯೇ ಮೊದಲಿನ ದಾರಿ. ಡಾಕ್ಟರು ಒಂದು ತಿಂಗಳು ಭಾರ ಎತ್ತಬಾರದು ಎಂದದ್ದು ಇದಕ್ಕೇ ಎಂದು ಅಮ್ಮನಿಗೆ ಹೇಳಿ. ನೋವಿಲ್ಲ ಎಂದ ಮಾತ್ರಕ್ಕೆ ವಾಸಿಯಾಯಿತು ಎಂದಲ್ಲ. ರಕ್ತ ತೆಳುವಾಗುವ ಮಾತ್ರೆ ಒಂದು ದಿನವೂ ತಪ್ಪಬಾರದು. ದನವನ್ನು ಅಕ್ಕನ ಮನೆಗೆ ಬಿಟ್ಟುಬಿಡಿ. ಅಮ್ಮ ಅಳುತ್ತಾಳೆ, ಅಳಲಿ, ಬಿಡಿ.

ಕಳೆದ ವಾರ ನಿಜ್ವಾ ಕಡೆ ಹೋಗಿದ್ದೆ. ಇಲ್ಲಿನವರು ಫಲಜ್ ಎಂದು ನೆಲದೊಳಗಿನಿಂದ ನೀರು ತರುತ್ತಾರೆ, ತೋಟಗಳಿಗೆ ಗಳಿಗೆ ಲೆಕ್ಕದಲ್ಲಿ ಹಂಚುತ್ತಾರೆ. 2006ರಲ್ಲಿ ಅಂಥ ಐದನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನೀರಿಗಾಗಿ ಗುಡ್ಡದೊಳಗೆ ತೋಡುವ ನಮ್ಮ ಸುರಂಗವನ್ನು ಒಬ್ಬನೇ ಪಿಕ್ಕಾಸು ಹಿಡಿದು, ಮೊಂಬತ್ತಿ ಬೆಳಕಿನಲ್ಲಿ ಕೊರೆಯುತ್ತಾನೆ ಎಂದು ನನ್ನ ಮೇಲಧಿಕಾರಿಗಳಿಗೆ ಹೇಳಿದೆ. ಫೋಟೊ ಕೇಳಿದ್ದಾರೆ. ಮೇಲಿನ ತೋಟದ ಸುರಂಗದ್ದು ತಮ್ಮ ಕಳಿಸಲಿ, ನೀರು ಬೀಳುವುದು ಕಾಣಬೇಕು.

ಹಣದ ಚಿಂತೆ ಬೇಡ, ಬೇಡವೇ ಬೇಡ. ಆಸ್ಪತ್ರೆಯ ಬಾಕಿ ನಾನು ಕಟ್ಟುತ್ತೇನೆ, ಅದಕ್ಕಾಗಿ ಅಡಕೆ ಈಗ ಕೊಡಬೇಡಿ. ನನಗೆ ಊಟ, ನಿದ್ರೆ ಎಲ್ಲ ಸರಿ ಇದೆ, ಸೆಖೆಯೂ ಕಡಿಮೆಯಾಗಿದೆ, ಏನೂ ತೊಂದರೆ ಇಲ್ಲ. ರಜೆ ಕೇಳಿದ್ದೇನೆ.

ಮುಳ್ಳೇರಿಯದ ಹುಡುಗ ಊರಿಗೆ ಹೊರಟು ಕೆಳಗೆ ಕಾರಿನಲ್ಲಿ ಕಾಯುತ್ತಿದ್ದಾನೆ, ಇದನ್ನು ಅವನ ಕೈಯಲ್ಲಿ ಕೊಡುತ್ತೇನೆ. ಅತ್ತೆಗೆ ಇವತ್ತೇ ಹೇಳಿಡಿ. ಅಮ್ಮನಿಗೆ ನಮಸ್ಕಾರ.

ನಿಮ್ಮ ಮಗ