ಆಟಿಯ ಮಳೆಗೂ ಆಸ್ಪತ್ರೆಯ ವಾರ್ಡಿಗೂ ಒಗ್ಗುವ ವ್ಯಾಯಾಮ ಬೇಕು

ಮಾನ್ಯ ಸಂಪಾದಕರೇ,

ಸಕ್ಕರೆ ಕಾಯಿಲೆಯವರಿಗಾಗಿ ನಿಮ್ಮ ಆರೋಗ್ಯ ಪುಟದಲ್ಲಿ ಈಚೆಗೆ ಬಂದ ಲೇಖನವನ್ನು ಓದಿದೆ. ಸೂರ್ಯ ಹುಟ್ಟುವ ಮೊದಲೇ ಎದ್ದು, ಒಳ್ಳೆಯ ಶೂ ಧರಿಸಿ, ದಿನವೂ ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಮುಕ್ಕಾಲು ಗಂಟೆ ಬಿರುಸಾಗಿ ನಡೆಯಬೇಕು, ಒಂದು ದಿನವೂ ತಪ್ಪಬಾರದು ಎಂದು ಬರೆದಿದ್ದರು. ನಡಿಗೆ ಬೇಡವೆನ್ನಲು ನಾನು ಈ ಪತ್ರ ಬರೆಯುತ್ತಿಲ್ಲ. ಆದರೆ ಲೇಖಕರು ಜೂನ್ ಕಳೆದ ಮೇಲೆ ಒಮ್ಮೆ ನಮ್ಮ ನೀರ್ಚಾಲಿನ ಕಡೆಗೆ ಬಂದಿದ್ದರೆ ‘ಅದೇ ಹೊತ್ತು, ಅದೇ ದಾರಿ’ ಎಂದು ಅಷ್ಟು ಸಲೀಸಾಗಿ ಬರೆಯುತ್ತಿರಲಿಲ್ಲ.

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ. ಆಟಿಯಲ್ಲಿ, ಅಂದರೆ ಜುಲೈ–ಆಗಸ್ಟ್ ಹೊತ್ತಿನ ತುಳು ತಿಂಗಳಲ್ಲಿ, ಬೆಳಗ್ಗೆ ಆರು ಗಂಟೆಗೆ ಕೊಡೆ ಹಿಡಿದು ಕುಂಬಳೆ–ಮುಳ್ಳೇರಿಯ ರಸ್ತೆಯ ಅಂಚಿನಲ್ಲಿ ಬಿರುಸಾಗಿ ನಡೆಯಲು ಹೊರಟರೆ ಎದುರಿನಿಂದ ಬರುವ ಲಾರಿ ಕೆಂಪು ನೀರನ್ನು ಸೊಂಟದವರೆಗೆ ಎರಚಿ ಹೋಗುತ್ತದೆ. ಒದ್ದೆಯಾದ ಶೂ ಮರುದಿನಕ್ಕೆ ಒಣಗುವ ಮಾತೇ ಇಲ್ಲ. ಒಳಗೆ ಹಳೆಯ ಪತ್ರಿಕೆ ತುರುಕಿ ಒಲೆಯ ಬಳಿ ಇಟ್ಟರೆ ಸ್ವಲ್ಪ ಬೇಗ ಒಣಗುತ್ತದೆ. (ಈ ಕೆಲಸಕ್ಕೆ ನಿಮ್ಮ ಪುರವಣಿಗಿಂತ ಮುಖ್ಯ ಪತ್ರಿಕೆಯೇ ವಾಸಿ. ಪುರವಣಿಯ ಕಾಗದ ನುಣುಪು, ನೀರು ಹೀರುವುದಿಲ್ಲ.) ಹಸಿ ಶೂವನ್ನೇ ಹಾಕಿಕೊಂಡು ನಡೆದರೆ ಬೆರಳ ಸಂದು ಬಿಳಿಚಿಕೊಂಡು ಒಡೆಯುತ್ತದೆ. ಸಕ್ಕರೆ ಇರುವವರ ಕಾಲಿಗೆ ಅದು ಸಣ್ಣ ವಿಷಯವಲ್ಲ ಎಂದು ಅದೇ ಲೇಖನದ ಇನ್ನೊಂದು ಮೂಲೆಯಲ್ಲಿ ಬರೆದಿತ್ತು.

ನಾನು ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್ ಆಗಿದ್ದವಳು. ಕೇರಳದಲ್ಲಿ 56ಕ್ಕೇ ನಿವೃತ್ತಿ. ದಿನವಿಡೀ ನಿಂತು ಪಾಠ ಹೇಳುತ್ತಿದ್ದ ಶರೀರ ಒಮ್ಮೆಲೇ ಕುಳಿತುಬಿಟ್ಟಿತು, ಹಿಂದೆಯೇ ಸಕ್ಕರೆಯೂ ಬಂತು. ನಡೆಯತೊಡಗಿದ ಹೊಸತರಲ್ಲಿ ದಾರಿಯಲ್ಲಿ ಸಿಕ್ಕ ಆಟೋದವರೆಲ್ಲ ಹಳೆಯ ವಿದ್ಯಾರ್ಥಿಗಳೇ. ‘ಟೀಚರೇ, ಹತ್ತಿ, ನಾನೂ ಆ ಕಡೆಗೇ ಹೋಗುವವನು’ ಎಂದು ನಿಲ್ಲಿಸುತ್ತಿದ್ದರು. ಹತ್ತುವುದಿಲ್ಲವೆಂದರೆ ಹಣವಿಲ್ಲದೆ ನಡೆಯುತ್ತಿದ್ದೇನೆಂದು ತಿಳಿದು ಇನ್ನಷ್ಟು ಒತ್ತಾಯ ಮಾಡುತ್ತಿದ್ದರು.

ಮಳೆಯಾದರೂ ಹೇಳಿ ಬರುತ್ತದೆ. ಹೇಳದೆ ಬರುವುದನ್ನು ನಮ್ಮ ಜಿಲ್ಲೆಯವರಿಗೆ ನೆನಪಿಸಬೇಕಾಗಿಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ತಡೆಗೆಂದು ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಾವೆಲ್ಲ ಒಂದೇ ರಾತ್ರಿಯಲ್ಲಿ ದಿಕ್ಕೆಟ್ಟವರಾಗಿದ್ದೆವು. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಅಡ್ಡಿ ಎದುರಾದದ್ದು ಕಳೆದ ವರ್ಷ. ಅತ್ತೆಯವರು ಬಚ್ಚಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಜೊತೆಗೆ ನಿಂತವಳು ನಾನು. ರೋಗಿಯ ಮಂಚದ ಬದಿಯ ಸ್ಟೂಲಿನ ಮೇಲೆ ಕುಳಿತವರಿಗೆ ಮುಂಜಾವವೂ ಇಲ್ಲ, ದಾರಿಯೂ ಇಲ್ಲ. ಔಷಧದ ಚೀಟಿ ಬಂದಾಗ ಓಡಬೇಕು, ಡಾಕ್ಟರ್ ಬರುವ ಹೊತ್ತಿಗೆ ಅಲ್ಲಿರಬೇಕು, ನಡುವೆ ಬಂದ ನೆಂಟರಿಗೆ ಮೊದಲಿನಿಂದ ಕಥೆ ಹೇಳಬೇಕು. ನೆಂಟರು ತಂದ ಬಿಸ್ಕತ್ತನ್ನು ತಿನ್ನುವವರೂ ನಾವೇ!

ಅಲ್ಲಿ ಒಂದು ವಿಷಯ ಗಮನಿಸಿದೆ. ಗಂಜಿಯ ಫ್ಲಾಸ್ಕ್ ಹಿಡಿದವರು, ಎಕ್ಸ್‌ರೇ ಲಕೋಟೆ ಹಿಡಿದವರು, ಸ್ಟ್ರೆಚರ್ ತಳ್ಳುವವರು ಎಲ್ಲರೂ ಲಿಫ್ಟಿನ ಮುಂದೆ ಕಾಯುತ್ತಿದ್ದರು. ಪಕ್ಕದಲ್ಲೇ ಅಗಲವಾದ ಮೆಟ್ಟಿಲು ಖಾಲಿಯಾಗಿತ್ತು. ನಾನು ಕಂಬಿ ಹಿಡಿದುಕೊಂಡು ಹತ್ತಿದೆ. ಎರಡನೆಯ ಮಹಡಿಗೆ ಬರುವಾಗ ಏದುಸಿರು, ತಿರುವಿನ ಕಿಟಕಿಯ ಬಳಿ ಸ್ವಲ್ಪ ನಿಲ್ಲುವುದು, ಮತ್ತೆ ಹತ್ತುವುದು. ಅಂದಿನಿಂದ ಕ್ಯಾಂಟೀನಿಗೂ ಔಷಧದಂಗಡಿಗೂ ಮೆಟ್ಟಿಲೇ. ಶಸ್ತ್ರಚಿಕಿತ್ಸೆಯ ಮರುದಿನವೇ ಫಿಸಿಯೋಥೆರಪಿಸ್ಟ್ ಬಂದು ಅತ್ತೆಯವರನ್ನು ಹಿಡಿದು ನಿಲ್ಲಿಸಿದರು, ಮಲಗಿದ್ದಾಗಲೂ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಬೇಕೆಂದರು. ಅತ್ತೆ ಪಾದ ಆಡಿಸುವಾಗ ನಾನು ಮಂಚದ ಕಂಬಿ ಹಿಡಿದು ಹಿಮ್ಮಡಿ ಎತ್ತಿ ಇಳಿಸುತ್ತಿದ್ದೆ. ಸ್ಟೂಲಿನಿಂದ ಕೈ ಊರದೆ ಏಳುವುದು, ಕೂರುವುದು. ‘ಇಲ್ಲಿ ರೋಗಿ ಯಾರಮ್ಮಾ?’ ಎಂದು ನರ್ಸ್ ಕೇಳಿದರೆ ಅತ್ತೆಯವರೇ ಉತ್ತರ ಕೊಟ್ಟರು: ‘ಇಬ್ಬರೂ ಹೌದು. ಬಿಲ್ಲು ಮಾತ್ರ ನನಗೆ.’

ಇದೆಲ್ಲ ಚಿಲ್ಲರೆ ಕಸರತ್ತು, ವ್ಯಾಯಾಮವೆಂದು ಲೆಕ್ಕಕ್ಕಿಲ್ಲ ಎನ್ನುವವರು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯನ್ನು ಓದಬೇಕು. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ ಮಾಡಬೇಕು, ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕು ಎಂದು ಅದರಲ್ಲಿದೆ. ಒಮ್ಮೆಗೆ ಕನಿಷ್ಠ ಹತ್ತು ನಿಮಿಷವಾದರೂ ಸತತವಾಗಿ ಮಾಡಿದರೆ ಮಾತ್ರ ಲೆಕ್ಕ ಎಂಬ ಹಿಂದಿನ ಷರತ್ತನ್ನು ಆಗ ತೆಗೆದುಹಾಕಿದರು. ನಾಲ್ಕು ನಿಮಿಷ ಮೆಟ್ಟಿಲು ಹತ್ತಿದರೆ ಆ ನಾಲ್ಕು ನಿಮಿಷವೂ ಜಮೆಯೇ. ಆರೋಗ್ಯ ಪುಟದಲ್ಲಿ ದಪ್ಪಕ್ಷರದಲ್ಲಿ ಬರಬೇಕಾದದ್ದು ಇದು. ಮುಕ್ಕಾಲು ಗಂಟೆ ಸಿಗದವರು ‘ಇನ್ನು ಅತ್ತೆ ಗುಣವಾದ ಮೇಲೆ’, ‘ಮದುವೆ ಮುಗಿದ ಮೇಲೆ’, ‘ಮಳೆ ಬಿಟ್ಟ ಮೇಲೆ’ ಎಂದು ಪೂರ್ತಿ ಬಿಟ್ಟುಬಿಡುತ್ತಾರೆ. ಮಳೆ ಬಿಡುವಾಗ ದೀಪಾವಳಿ ಬಂದಿರುತ್ತದೆ.

ಸಕ್ಕರೆಯ ವಿಷಯದಲ್ಲಿ ಹೀಗೆ ನಡುವೆ ಬಿಡುವುದು ದುಬಾರಿ. ದುಡಿಯುವ ಸ್ನಾಯು ಇನ್ಸುಲಿನ್‌ನ ಹಂಗಿಲ್ಲದೆಯೂ ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ವ್ಯಾಯಾಮ ನಿಲ್ಲಿಸಿದ ಮೇಲೂ ಶರೀರ ಇನ್ಸುಲಿನ್‌ಗೆ ಹೆಚ್ಚು ಸ್ಪಂದಿಸುವ ಆ ಗುಣ ಒಂದೆರಡು ದಿನ ಉಳಿದು ಮತ್ತೆ ಇಳಿಯುತ್ತದೆ. ಆದ್ದರಿಂದಲೇ ಅಮೆರಿಕದ ಮಧುಮೇಹ ಸಂಘವು ಸತತ ಎರಡು ದಿನಕ್ಕಿಂತ ಹೆಚ್ಚು ವ್ಯಾಯಾಮ ತಪ್ಪಬಾರದು ಎನ್ನುತ್ತದೆ. ‘ಒಂದು ದಿನವೂ ತಪ್ಪಬಾರದು’ ಎಂಬುದಕ್ಕಿಂತ ಇದು ಮನುಷ್ಯರು ಪಾಲಿಸಬಹುದಾದ ನಿಯಮ. ಅಭ್ಯಾಸ ಬೇರೂರುವ ಬಗ್ಗೆ ಲಂಡನ್ನಿನ ವಿಶ್ವವಿದ್ಯಾಲಯವೊಂದರಲ್ಲಿ ನಡೆದ, 2010ರಲ್ಲಿ ಅಚ್ಚಾದ ಅಧ್ಯಯನವೂ ಒಂದು ದಿನ ತಪ್ಪಿದ ಮಾತ್ರಕ್ಕೆ ಅಭ್ಯಾಸ ಕೆಡುವುದಿಲ್ಲ ಎಂದೇ ಕಂಡುಕೊಂಡಿತು. ಅಲ್ಲಿ ಹೊಸ ಅಭ್ಯಾಸ ಕೈಗೂಡಲು ಹಿಡಿದ ಸಮಯ 18ರಿಂದ 254 ದಿನಗಳವರೆಗೆ ಇತ್ತು. ಹಾಗಾಗಿ ‘21 ದಿನ ಮಾಡಿದರೆ ಸಾಕು’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಸಂದೇಶವನ್ನು ದಯವಿಟ್ಟು ನನಗೆ ಕಳುಹಿಸಬೇಡಿ.

ಈಗ ನಾನು ಅನುಸರಿಸುವ ಕ್ರಮ ಸರಳ. ಹೊತ್ತನ್ನು ಗಡಿಯಾರಕ್ಕೆ ಕಟ್ಟಿಲ್ಲ, ಊಟಕ್ಕೆ ಕಟ್ಟಿದ್ದೇನೆ. ಏನು ತಪ್ಪಿದರೂ ಊಟ ತಪ್ಪುವುದಿಲ್ಲವಲ್ಲ! ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ಆಗ ಏರುವ ಸಕ್ಕರೆಯೂ ತಗ್ಗುತ್ತದೆ. ಮಳೆಯಿದ್ದರೆ ಎಲ್ಲಿ ಎಂಬುದೂ ಮೊದಲೇ ತೀರ್ಮಾನವಾಗಿದೆ: ಅಡಿಕೆ ಒಣಗಿಸಲು ಅಂಗಳಕ್ಕೆ ಶೀಟು ಹಾಕಿಸಿದ್ದೇವೆ, ಅದರಡಿಯಲ್ಲಿ. ಜೋರು ಮಳೆ ಹೊಯ್ದರೆ ತಗಡಿನ ಸದ್ದಿಗೆ ಫೋನು ಕೇಳಿಸುವುದಿಲ್ಲ, ಅದೂ ಲಾಭವೇ. ಒಂದು ಮೂಲೆಯಲ್ಲಿ ಹಳೆ ಅಡಿಕೆಯ ಗೋಣಿಗಳು, ಇನ್ನೊಂದು ಕಡೆ ಒಣಗದ ಬಟ್ಟೆಯ ಸಾಲು, ನಡುವೆ ಎಂಟರ ಆಕಾರದಲ್ಲಿ ನಡೆಯುತ್ತೇನೆ. ಒಂದೇ ದಿಕ್ಕಿಗೆ ಸುತ್ತಿದರೆ ಒಂದೇ ಮೊಣಕಾಲಿಗೆ ಭಾರ ಬೀಳುತ್ತದೆಂದು ಅನುಭವದಿಂದ ಕಂಡುಕೊಂಡದ್ದು. ಅತ್ತೆಯವರು ವಾಕರ್ ಹಿಡಿದು ಜಗಲಿಗೆ ಬಂದು ಕೂರುತ್ತಾರೆ. ‘ಗಾಣದೆತ್ತಿನ ಹಾಗೆ ಸುತ್ತಬೇಡ ಮಗಳೇ, ನನಗೆ ತಲೆ ತಿರುಗುತ್ತದೆ’ ಎನ್ನುತ್ತಾರೆ. ಎನ್ನುತ್ತಲೇ ತಮ್ಮ ಪಾಲಿನ ನಡಿಗೆಗೆ ಎದ್ದು ನಿಲ್ಲುತ್ತಾರೆ.

ಹೆಂಗಸರಿಗೆ ಮನೆಗೆಲಸವೇ ವ್ಯಾಯಾಮ ಎಂದು ನೆರೆಕರೆಯ ಗಂಡಸರು ಹೇಳುವುದುಂಟು. ಮನೆಗೆಲಸವೂ ಲೆಕ್ಕಕ್ಕೆ ಬರುತ್ತದೆ, ನಿಜ. ಆದರೆ ಉಸಿರು ಏರಬೇಕು. ಮಾತನಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಅಳತೆ. ನಾಲ್ಕು ಭಜನೆ ಹಾಡುತ್ತಾ ತರಕಾರಿ ಹೆಚ್ಚಬಹುದಾದರೆ ಅದು ಅಡುಗೆ ಅಷ್ಟೆ. ಮಳೆ ಹೊಳವಾದ ಹೊತ್ತು ನೋಡಿ ಅಡಿಕೆ ಮರ ಹತ್ತಿ ಮೈಲುತುತ್ತು ಸಿಂಪಡಿಸುವವನಿಗೆ ನಡಿಗೆಯ ಉಪದೇಶ ಮಾಡುವಷ್ಟು ಅವಿವೇಕ ನನಗಿಲ್ಲ. ಕೆಳಗೆ ನಿಂತು ‘ಆ ಗೊನೆಗೆ ಬಿಡು, ಈ ಗೊನೆಗೆ ಬಿಡು’ ಎನ್ನುವ ಯಜಮಾನರಿಗೆ ಮಾತ್ರ ಹೇಳುತ್ತಿದ್ದೇನೆ.

ಜ್ವರ ಬಂದಾಗ ಮಾತ್ರ ಛಲ ಬೇಡ. ಮಳೆಗಾಲ ಡೆಂಗಿಯ ಕಾಲ, ಇಲಿಜ್ವರದ ಕಾಲ. ಜ್ವರದಲ್ಲಿ ವಿಶ್ರಾಂತಿ, ಬಿಟ್ಟ ಮೇಲೆ ಹಿಂದಿನ ಅರ್ಧದಿಂದ ಶುರು. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು ಕ್ರಮ ಬದಲಿಸುವ ಮೊದಲು ಡಾಕ್ಟರನ್ನು ಕೇಳಬೇಕು, ಸೆರಗಿನಲ್ಲೋ ಕಿಸೆಯಲ್ಲೋ ಸಕ್ಕರೆಯೋ ಗ್ಲೂಕೋಸೋ ಇರಬೇಕು.

ಇನ್ನು ಬೇಡಿಕೆ. ಎಲ್ಲರ ಮನೆಯಲ್ಲೂ ಶೀಟು ಹಾಕಿದ ಅಂಗಳವಿರುವುದಿಲ್ಲ. ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿಕೊಂಡವರು, ಪೇಟೆಯ ಬಾಡಿಗೆ ಕೋಣೆಯವರು ಎಲ್ಲಿ ನಡೆಯಬೇಕು? ತಲಪಾಡಿಯಿಂದ ದಕ್ಷಿಣಕ್ಕೆ ಹೆದ್ದಾರಿ ಷಟ್ಪಥವಾದ ಮೇಲೆ ಉಪ್ಪಳ, ಕುಂಬಳೆಯ ಕಡೆಯವರಿಗೆ ರಸ್ತೆಯ ಬದಿ ನಡಿಗೆಯ ಜಾಗವಾಗಿ ಉಳಿದಿಲ್ಲ. ಆದರೆ ನಮ್ಮ ಊರುಗಳಲ್ಲಿ ಸೂರಿಗೆ ಬರವಿಲ್ಲ. ಭಜನಾ ಮಂದಿರಗಳಿವೆ, ವಾಚನಾಲಯಗಳಿವೆ, ಆರ್ಟ್ಸ್ ಆ್ಯಂಡ್ ಸ್ಪೋರ್ಟ್ಸ್ ಕ್ಲಬ್ಬುಗಳಿವೆ, ಪಂಚಾಯತಿನ ಸಭಾಭವನಗಳಿವೆ. ಶಾಲೆಗಳ ಉದ್ದ ಜಗಲಿಯಂತೂ ನಡೆಯಲೆಂದೇ ಕಟ್ಟಿದಂತಿದೆ, ನಾನು ಅಲ್ಲೇ ಜೀವಮಾನ ಕಳೆದವಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗ್ಗೆ ಮತ್ತು ಸಂಜೆ ಒಂದೊಂದು ಗಂಟೆ ಅವುಗಳ ಬೀಗ ತೆಗೆದರೆ ಸಾಕು. ಬೀಗದ ಕೈಯ ಜವಾಬ್ದಾರಿಯನ್ನು ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಸಂಘದ ಘಟಕದವರಿಗೆ ಒಪ್ಪಿಸಬಹುದು. ಗುಡಿಸಿ ಒರೆಸುವ ಕೆಲಸವನ್ನು ನಡೆಯುವವರೇ ಮಾಡಲಿ, ಅದರಲ್ಲೂ ಉಸಿರು ಏರುತ್ತದೆ. ಬಯಲಿನಲ್ಲಿ ವ್ಯಾಯಾಮದ ಕಬ್ಬಿಣದ ಉಪಕರಣ ನೆಡುವ ಹುರುಪು ಈಗ ಎಲ್ಲೆಡೆ ಇದೆ. ನೆಡುವವರು ಮೇಲೊಂದು ಸೂರನ್ನೂ ಸೇರಿಸಿ ಅಂದಾಜುಪಟ್ಟಿ ತಯಾರಿಸಲಿ. ಪಂಚಾಯತ್ ಸದಸ್ಯರು ಈ ಪುಟವನ್ನು ಓದುತ್ತಾರೆಂದು ಬಲ್ಲೆ, ತಮ್ಮ ಫೋಟೋ ಬಂದಿದೆಯೇ ಎಂದು ನೋಡುವ ನೆಪದಲ್ಲಾದರೂ.

ನಿಮ್ಮಲ್ಲೂ ಒಂದು ಕೋರಿಕೆ. ಮಳೆಗಾಲ ಶುರುವಾಗುವ ಮೊದಲು, ಮನೆಯೊಳಗೆ ಮಾಡಬಹುದಾದ ವ್ಯಾಯಾಮಗಳ ಬಗ್ಗೆ ಒಬ್ಬ ಫಿಸಿಯೋಥೆರಪಿಸ್ಟ್‌ರಿಂದ ಚಿತ್ರಸಹಿತ ಬರೆಸಿ. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಶರೀರದ ಸಮತೋಲ ಕಾಯುವ ವ್ಯಾಯಾಮ ಮಾಡಬೇಕೆಂದು ಅದೇ ಮಾರ್ಗಸೂಚಿಯಲ್ಲಿದೆ, ಬಚ್ಚಲಿನಲ್ಲಿ ಬೀಳುವ ಮೊದಲು ಅದು ತಿಳಿದಿರಬೇಕು. ಚಿತ್ರದಲ್ಲಿ ಜಿಮ್ಮಿನ ಉಡುಪಿನ ತರುಣಿಯ ಬದಲು ಸೀರೆ ಉಟ್ಟ ನಮ್ಮ ವಯಸ್ಸಿನವರೊಬ್ಬರು ಇರಲಿ. ಅಕ್ಷರ ಸ್ವಲ್ಪ ದೊಡ್ಡದಿರಲಿ ಎಂದು ಅತ್ತೆಯವರು ಸೇರಿಸಲು ಹೇಳಿದ್ದಾರೆ.

ಇತಿ,
ನಿವೃತ್ತ ಅಧ್ಯಾಪಿಕೆ,
ನೀರ್ಚಾಲು, ಕಾಸರಗೋಡು ಜಿಲ್ಲೆ