ಭಾನುವಾರದ ಓದು: ವುಲ್ಫ್ ಕ್ರೀಕ್

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 7ಕ್ಕೆ ನಮ್ಮ ಆನ್‌ಲೈನ್ ಓದು ಇದೆ. ಈ ಸಲ ಕೆನಡಾದ ಯೂಕಾನ್‌ನಲ್ಲಿ, ವೈಟ್‌ಹಾರ್ಸ್ ಊರಿಗೆ ಹತ್ತಿರ ಇರುವ ವುಲ್ಫ್ ಕ್ರೀಕ್ ಹೊಳೆಯ ಜಲಾನಯನ, ಅಂದರೆ ಆ ಹೊಳೆಗೆ ನೀರು ಹರಿದು ಸೇರುವ ಪ್ರದೇಶ. 1990ರ ದಶಕದ ಆರಂಭದಿಂದ ಅಲ್ಲಿ ಕೆಳಗಿನ ಕಾಡು, ನಡುವಿನ ಪೊದೆ, ಮೇಲಿನ ಬೋಳು ಗುಡ್ಡ ಮೂರೂ ಕಡೆ ಹವಾಮಾನ ಕೇಂದ್ರ ಇಟ್ಟು ಹಿಮ, ಗಾಳಿ, ಹೊಳೆಯ ಹರಿವು ಎಲ್ಲ ಅಳೆಯುತ್ತಾ ಬಂದಿದ್ದಾರೆ. ಹಿಮದ ಆಳ ಮಾತ್ರ ನೋಡಿ ಸುಮ್ಮನಾಗಬೇಡಿ, ಕೊಳವೆಯಲ್ಲಿ ತೆಗೆದು ತೂಗಿದಾಗ ಸಿಗುವ ನೀರಿನ ಲೆಕ್ಕವೇ ಮುಖ್ಯ. ನಮ್ಮ ಕಾವೇರಿ ಮುಂಗಾರಿಗೆ ಉಕ್ಕಿದರೆ ಆ ಹೊಳೆ ಹಿಮ ಕರಗುವಾಗ ಉಕ್ಕುತ್ತದೆ.

ಈ ಅಳತೆಗಳ ಡೇಟಾ ಎಲ್ಲರಿಗೂ ಉಚಿತ. ಇಳಿಸಿಕೊಂಡು ಒಂದು ವರ್ಷದ ಹರಿವಿನ ಗ್ರಾಫ್ ಮಾಡಿ ತನ್ನಿ. ಮೊಬೈಲಲ್ಲಿ ಒದ್ದಾಟ ಜಾಸ್ತಿ, ಕಂಪ್ಯೂಟರಲ್ಲೇ ತೆರೆಯಿರಿ. ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ, ಯಾವ ವರ್ಷ ಅಂತಲೂ ಬರೆಯಿರಿ. ಇಬ್ಬರು ಒಂದೇ ವರ್ಷ ಮಾಡೋದು ಬೇಡ ಅಲ್ವಾ?