ಎಸ್‌.ಪಿ. ರಸ್ತೆಯಲ್ಲಿ ಸಿಕ್ಕ ಅಣ್ಣನಿಗೆ

ಶನಿವಾರ ಬೆಂಗಳೂರಿನ ಎಸ್‌.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಯಲ್ಲಿ ನನ್ನ ಪಕ್ಕ ನಿಂತಿದ್ದ ಅಣ್ಣಾ, ನಿಮ್ಮ ಹೆಸರು ಕೇಳಲಿಲ್ಲ. ಕ್ಷಮಿಸಿ.

ತಂಗಿ ಮದುವೆಯ 4ಕೆ ವಿಡಿಯೊ ಮನೆಯ ಸರ್ವರ್‌ನಿಂದ (ವಿಡಿಯೊಗಳನ್ನೆಲ್ಲ ಇಟ್ಟಿರುವ ಕಂಪ್ಯೂಟರ್) ಟಿವಿ ಬಾಕ್ಸ್‌ಗೆ ಬರುವಾಗ ನಿಂತು ನಿಂತು ಓಡುತ್ತಿತ್ತು. ಹೊಸ ಸರ್ವರ್ ಕೊಳ್ಳಲು ಬಂದಿದ್ದೆ. "ಮೊದಲು ಲಿಂಕ್ ಸ್ಪೀಡ್, ಅಂದರೆ ಕೇಬಲ್ ಯಾವ ವೇಗದಲ್ಲಿ ಕೂಡಿಕೊಂಡಿದೆ ಅಂತ ನೋಡಿ" ಅಂದಿರಿ ನೀವು. ಗಿಗಾಬಿಟ್‌ಗೆ (ಅಂದರೆ 1000 ಎಂಬಿಪಿಎಸ್ ವೇಗಕ್ಕೆ) ನೆಟ್‌ವರ್ಕ್ ಕೇಬಲ್‌ನ 4 ಜೋಡಿ ತಂತಿಯೂ ಬೇಕು, 100 ಎಂಬಿಪಿಎಸ್‌ಗೆ 2 ಜೋಡಿ ಸಾಕು, ಒಂದು ತಂತಿ ಕಡಿದರೂ ವೇಗ ಇಳಿದುಬಿಡುತ್ತೆ ಅಂತ ಎಷ್ಟು ತಾಳ್ಮೆಯಿಂದ ಹೇಳಿದಿರಿ!

ಮನೆಗೆ ಬಂದು ನೋಡಿದೆ. ಸರಿಯಾಗಿ 100! ನಮ್ಮ ವಿಡಿಯೊಗೆ ಬೇಕಿದ್ದದ್ದು 140. ಬಾಗಿಲ ಸಂದಿಯಲ್ಲಿ ಕೇಬಲ್ ಜಜ್ಜಿಹೋಗಿತ್ತು. ಬೇರೆ ಹಾಕಿದೆ, ಅಷ್ಟೇ.

ರಾತ್ರಿ ಅಮ್ಮ ಇಡೀ ಧಾರೆ ಒಂದೇ ಸಲಕ್ಕೆ ನೋಡಿದರು. ತುಂಬಾ ಥ್ಯಾಂಕ್ಸ್ ಅಣ್ಣಾ.